ಅಮ್ಮ ಬೆಳಗಿದ ಬ್ಯಾಡ್ಜು

ನಾಣ್ಯ ಕೂಡಿಡುತ್ತೇನೆ ಅಂದರೆ ಜನಕ್ಕೆ ಅರ್ಥವಾಗುತ್ತದೆ. ನಾಣ್ಯ ಕೂಡಿಡುವವರು ಸಮ್ಮೇಳನಕ್ಕೆ ಹೋದಾಗ ಎದೆಗೆ ಚುಚ್ಚಿಕೊಂಡಿದ್ದ ಬ್ಯಾಡ್ಜುಗಳನ್ನು ಕೂಡಿಡುತ್ತೇನೆ ಅಂದರೆ ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ನನ್ನ ಹೆಂಡತಿ ಹತ್ತು ವರ್ಷದಿಂದ ಸುಮ್ಮನಿದ್ದಾಳೆ.

ನಾವಿರುವುದು ಚಿಕಾಗೋ ಹತ್ತಿರ. ಅಮೆರಿಕದ ನಾಣ್ಯ ಸಂಗ್ರಹಕಾರರ ದೊಡ್ಡ ಸಂಘ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್, 1891ರಲ್ಲಿ ಶುರುವಾಗಿದ್ದು ಇದೇ ಊರಲ್ಲಿ. ಮಿಶಿಗನ್ನಿನ ಜಾರ್ಜ್ ಹೀತ್ ಎಂಬ ಡಾಕ್ಟರ ಕರೆಗೆ ಓಗೊಟ್ಟು ಅವತ್ತು ಸೇರಿದವರು ಬೆರಳಲ್ಲಿ ಎಣಿಸುವಷ್ಟು ಜನ. ಈಗ ಅದರ ಆಗಸ್ಟ್ ಸಮ್ಮೇಳನಕ್ಕೆ 'ವರ್ಲ್ಡ್ಸ್ ಫೇರ್ ಆಫ್ ಮನಿ' ಅಂತ ಹೆಸರು. ಓಹೇರ್ ವಿಮಾನ ನಿಲ್ದಾಣದ ಪಕ್ಕದ ರೋಸ್‌ಮಾಂಟ್‌ಗೆ ಅದು ಆಗಾಗ ಬರುತ್ತದೆ. 2022ರಲ್ಲೂ ಬಂದಿತ್ತು. ರಜೆ ಹಾಕಿ ಬೆಳಿಗ್ಗೆಯೇ ಹೋಗಿ ನಿಂತೆ.

ಬಾಗಿಲು ತೆಗೆದ ಕೂಡಲೇ ಜನ ಚಿನ್ನದ ನಾಣ್ಯದ ಮೇಜುಗಳ ಕಡೆ ನುಗ್ಗುತ್ತಾರೆ. ನನ್ನ ಜಾಗ ಬೇರೆ. ಸಮ್ಮೇಳನದ ಹಾಲ್‌ನ ಹಿಂಬದಿಯಲ್ಲಿ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ, ನಾಣ್ಯವಲ್ಲದ ನಾಣ್ಯದಂಥವುಗಳನ್ನು ಮಾರುವ ಒಂದಿಬ್ಬರು ಮುದುಕರು ಕೂತಿರುತ್ತಾರೆ. ಟೋಕನ್ನುಗಳು, ಮೆಡಲ್ಲುಗಳು, ಮರದ ಬಿಲ್ಲೆಗಳು. ರೋಲರಿನಲ್ಲಿ ಒತ್ತಿ ಉದ್ದ ಮಾಡಿದ ಒಂದು ಸೆಂಟಿನ ನಾಣ್ಯಗಳೂ ಇರುತ್ತವೆ. ಈ ಒತ್ತಿದ ನಾಣ್ಯ ಅಮೆರಿಕದಲ್ಲಿ ಹೆಸರಾಗಿದ್ದು 1893ರ ಚಿಕಾಗೋ ವಿಶ್ವಮೇಳದಲ್ಲಂತೆ. ಅರಸೀಕೆರೆಯಲ್ಲಿ ನಾವು ಐದು ಪೈಸೆಯನ್ನು ರೈಲು ಹಳಿ ಮೇಲಿಟ್ಟು ಇದನ್ನೇ ಮಾಡುತ್ತಿದ್ದೆವು. ಬೈಗುಳ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ.

ಆ ಮುದುಕರಲ್ಲಿ ಒಬ್ಬರ ಮೇಜಿನ ಮೇಲೆ ಒಂದು ಸಿಗಾರ್ ಡಬ್ಬಿ ಇತ್ತು. ಡಬ್ಬಿ ತುಂಬ ಬ್ಯಾಡ್ಜುಗಳು. ಒಂದೊಂದನ್ನೇ ಎತ್ತಿ ನೋಡುತ್ತಾ ಹೋದೆ. ಹಳೇ ಸಮ್ಮೇಳನದ ಬ್ಯಾಡ್ಜು ಅಂದರೆ ಮೂರು ಭಾಗ. ಮೇಲೆ ಪಿನ್ನು ಇರುವ ಒಂದು ಪಟ್ಟಿ, ಅದರಲ್ಲಿ ಹೆಸರಿನ ಚೀಟಿ ತೂರಿಸಲು ಸೆಲ್ಯುಲಾಯ್ಡ್ ಕಿಟಕಿ. ಮಧ್ಯೆ ರೇಷ್ಮೆ ರಿಬ್ಬನ್ನು. ಕೆಳಗೆ ತೂಗಾಡುವ ಕಂಚಿನ ಮೆಡಲ್ಲು. ನನ್ನ ಕೈಗೆ ಬಂದದ್ದು 1930ರ ದಶಕದ್ದು, ಪಕ್ಕದ ರಾಜ್ಯದ ಒಂದು ಸಣ್ಣ ನಾಣ್ಯ ಸಂಘದ್ದು. ಹಿಂದುಗಡೆ ನೆವಾರ್ಕಿನ 'ವೈಟ್‌ಹೆಡ್ ಅಂಡ್ ಹೋಗ್' ಮುದ್ರೆ. 1896ರಲ್ಲಿ ಸೆಲ್ಯುಲಾಯ್ಡ್ ಗುಂಡಿ ಬ್ಯಾಡ್ಜಿಗೆ ಪೇಟೆಂಟು ತೆಗೆದುಕೊಂಡಿದ್ದ ಕಂಪನಿ ಅದು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲೇ ಅಂಥ ಗುಂಡಿಗಳು ಎಲ್ಲರ ಕೋಟಿನ ಮೇಲೂ ಬಂದುಬಿಟ್ಟವು.

ನನಗೆ ಆಸೆ ಹುಟ್ಟಿಸಿದ್ದು ಮೆಡಲ್ಲಲ್ಲ. ಕಿಟಕಿಯೊಳಗೆ ಚೀಟಿ ಇನ್ನೂ ಇತ್ತು. ಮಸಿ ಪೆನ್ನಿನಲ್ಲಿ ಬರೆದ ಹೆಸರು, ಕೆಳಗೆ ಊರು. ಅಕ್ಷರ ಸ್ವಲ್ಪ ಬಲಕ್ಕೆ ವಾಲಿತ್ತು. ಸಾಮಾನ್ಯವಾಗಿ ಈ ಚೀಟಿಗಳು ಬಿದ್ದುಹೋಗಿರುತ್ತವೆ. ಚೀಟಿ ಇಲ್ಲದ ಬ್ಯಾಡ್ಜು ಯಾರದ್ದೂ ಅಲ್ಲ. ಚೀಟಿ ಇದ್ದರೆ, ಆರ್ಥಿಕ ಕುಸಿತದ ಆ ದಿನಗಳಲ್ಲೂ ರೈಲು ಚಾರ್ಜು ಹೊಂದಿಸಿಕೊಂಡು ನಾಣ್ಯ ನೋಡಲು ಹೊರಟ ಒಬ್ಬ ಮನುಷ್ಯ ಅಲ್ಲಿದ್ದಾನೆ. ಮುದುಕರು ನಲವತ್ತು ಡಾಲರ್ ಅಂದರು. ಮೂವತ್ತೈದಕ್ಕೆ ಕೊಟ್ಟರು.

ಮನೆಗೆ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ಅಲ್ಲೇ ತಪ್ಪಾಗಿದ್ದು.

ಅಮ್ಮ ಆ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಆಗಸ್ಟ್ 30ಕ್ಕೆ ಗೌರಿ, 31ಕ್ಕೆ ಗಣೇಶ. ಹಬ್ಬಕ್ಕೆ ಎರಡು ದಿನ ಇರುವಾಗ ದೀಪದ ಕಂಬ, ಹರಿವಾಣ, ಪಂಚಪಾತ್ರೆ, ಗಂಟೆ ಎಲ್ಲ ಸಿಂಕಿಗೆ ಇಳಿದವು. ಹುಣಸೆಹಣ್ಣು ನೆನೆದಿತ್ತು. ನಾನು ಮೇಲೆ ಆಫೀಸಿನ ಫೋನ್ ಕಾಲ್‌ನಲ್ಲಿದ್ದೆ. ಕೆಳಗಿಳಿದು ಬಂದಾಗ ಸಾಲಾಗಿ ಕವುಚಿಟ್ಟ ಪೂಜೆ ಪಾತ್ರೆಗಳ ಪಕ್ಕ ನನ್ನ ಬ್ಯಾಡ್ಜು ಒರಗಿತ್ತು. ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ರಿಬ್ಬನ್ನು ಒದ್ದೆ ಬತ್ತಿಯ ಹಾಗೆ ಮುದುಡಿತ್ತು.

"ಅಮ್ಮಾ, ಇದನ್ನ ಯಾಕೆ ತೊಳೆದ್ರಿ?"

"ಕಿಲುಬು ಹಿಡಿದು ಕೂತಿತ್ತು ಕಣೋ. ದುಡ್ಡು ಕೊಟ್ಟು ತಂದಿದೀಯ, ಹಾಗೇ ಬಿಡಕ್ಕಾಗತ್ತಾ?"

ಅದು ಕಿಲುಬಲ್ಲ ಅಂತ ಹೇಗೆ ಹೇಳಲಿ? ಕಂಚಿನ ಮೆಡಲ್ಲನ್ನು ಅಚ್ಚು ಹಾಕಿದ ಮೇಲೆ ಬೇಕಂತಲೇ ಔಷಧಿ ಹಚ್ಚಿ ಕಂದು ಮಾಡುತ್ತಾರೆ. ಆಮೇಲೆ ಉಬ್ಬಿದ ಕಡೆ ಮಾತ್ರ ಉಜ್ಜಿ ಸ್ವಲ್ಪ ತಿಳಿ ಮಾಡುತ್ತಾರೆ. ಮುಖದ ಮೂಗು, ಕೆನ್ನೆ ಎದ್ದು ಕಾಣುವುದು ಅದರಿಂದಲೇ. ಅದರ ಮೇಲೆ ಗಾಳಿ, ಕೈ, ಕಾಲ ಸೇರಿ ಇನ್ನೊಂದು ಪದರ ಕೂರುತ್ತದೆ. ಇದಕ್ಕೆ ಪಟಿನಾ ಅನ್ನುತ್ತಾರೆ. ಹುಣಸೆಹುಳಿಗೆ ಅದೆಲ್ಲ ಗೊತ್ತಿಲ್ಲ. ತಾಮ್ರದ ಮೇಲಿನ ಕಪ್ಪನ್ನು ಕರಗಿಸುವುದು ಅದರ ಕೆಲಸ, ಅಮ್ಮನ ಕೆಲಸದ ಹಾಗೇ ಅದೂ ಚೊಕ್ಕವಾಗಿತ್ತು. ತೊಳೆದ ಮೆಡಲ್ಲಿಗೆ ಸಂಗ್ರಹಕಾರರಲ್ಲಿ ಬೆಲೆ ಇಲ್ಲ. ಅದನ್ನೆಲ್ಲ ನುಂಗಿಕೊಂಡೆ.

ಆಮೇಲೆ ಕಿಟಕಿ ನೋಡಿದೆ. ಚೀಟಿ ಅಲ್ಲೇ ಇತ್ತು. ಮಸಿ ಇರಲಿಲ್ಲ. ಒಂದು ಮೂಲೆಯಲ್ಲಿ ತಿಳಿ ನೀಲಿ ಕಲೆ ಅಷ್ಟೇ.

ಹೆಸರು ಏನಿತ್ತು? ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಫೋನಿನಲ್ಲಿ ಒಂದು ಫೋಟೋ ಇತ್ತು, ಅದರಲ್ಲಿ ಕಿಟಕಿ ಮೇಲೆ ಸರಿಯಾಗಿ ಹಾಲ್‌ನ ಲೈಟು ಹೊಳೆದು ಬಿಳಿಯಾಗಿದೆ. ಅಷ್ಟು ಆಸೆಪಟ್ಟು ತಂದವನು ಹನ್ನೊಂದು ದಿನದಲ್ಲಿ ಒಂದು ಸಲವೂ ಅದನ್ನು ಬರೆದಿಟ್ಟಿರಲಿಲ್ಲ. ಇದಕ್ಕೆ ಅಮ್ಮನನ್ನು ಬೈಯಲು ಆಗುವುದಿಲ್ಲ, ಅಲ್ವಾ? ವಿಷಯ ಅವರಿಗೆ ಗೊತ್ತಾಗಬಾರದು ಅಂದುಕೊಂಡಿದ್ದೆ. ಹೆಂಡತಿ ಹತ್ತು ವರ್ಷದ ಮೌನ ಮುರಿದು ಹೇಳಿಬಿಟ್ಟಳು. ಅಮ್ಮ ಹಬ್ಬದ ದಿನ ಕಡುಬು ಬಡಿಸುತ್ತಾ ಕೇಳಿದರು, "ಯಾರು ಅಂತ ಸ್ವಲ್ಪವೂ ನೆನಪಿಲ್ವೇನೋ?"

ಮರುವರ್ಷ ಸಮ್ಮೇಳನ ಪಿಟ್ಸ್‌ಬರ್ಗಿನಲ್ಲಿತ್ತು, ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ಮತ್ತೆ ರೋಸ್‌ಮಾಂಟ್. ಅದೇ ಮುದುಕರು, ಅದೇ ಸಿಗಾರ್ ಡಬ್ಬಿ. ಬ್ಯಾಡ್ಜು ತೆಗೆದು ತೋರಿಸಿದೆ. ಕನ್ನಡಕ ಮೇಲೇರಿಸಿ, ಭೂತಗನ್ನಡಿ ಹಿಡಿದು, ಯಾರೋ ಸತ್ತಂತೆ ತಲೆ ಅಲ್ಲಾಡಿಸಿದರು. ಯಾವುದರಲ್ಲಿ ತೊಳೆದದ್ದು ಅಂತ ಕೇಳಿದರು. ಹುಣಸೆಹಣ್ಣು ಅಂದೆ. ಅವರಿಗೆ ಅದು ಏನೆಂದು ಗೊತ್ತಾಗಲು ಐದು ನಿಮಿಷ ಬೇಕಾಯಿತು. ಗೊತ್ತಾದ ಮೇಲೆ, ಇಷ್ಟು ಚೊಕ್ಕವಾಗಿ ತೊಳೆಯುವುದು ತನ್ನ ಅಂಗಡಿಯ ಹಿತ್ತಾಳೆ ಬಾಗಿಲ ಹಿಡಿಗೆ ಆದೀತು ಅಂದರು. ವಾಪಸ್ ತೆಗೆದುಕೊಳ್ಳುವುದಾದರೆ ಐದು ಡಾಲರ್. ಆ ಬ್ಯಾಡ್ಜಿನ ಹೆಸರು ನಿಮಗೇನಾದರೂ ನೆನಪಿದೆಯಾ ಅಂತ ಕೇಳಿದೆ. ಡಬ್ಬಿಯಲ್ಲಿ ಇನ್ನೂರು ಇವೆ ಅಂದರು.

ಕೊಡಲಿಲ್ಲ. ನನ್ನ ಆಲ್ಬಮ್ಮಿನಲ್ಲಿ ಎರಡು ಜಾಗ ಮೊದಲೇ ಖಾಲಿ ಇವೆ. 1945ರಲ್ಲಿ ಯುದ್ಧಕ್ಕೆ, 2020ರಲ್ಲಿ ಕೊರೋನಾಕ್ಕೆ ದೊಡ್ಡ ಸಮ್ಮೇಳನವೇ ನಡೆಯಲಿಲ್ಲ, ಬ್ಯಾಡ್ಜು ಹಾಕಿಕೊಂಡವರೂ ಇಲ್ಲ. ಈ ಖಾಲಿ ಚೀಟಿಯವನು ಹಾಗಲ್ಲ, ಬಂದಿದ್ದ.

ಹೊರಡುವಾಗ ಕೊರಳಿನ ಪ್ಲಾಸ್ಟಿಕ್ ಕಾರ್ಡನ್ನು ಕಸದ ಬುಟ್ಟಿಗೆ ಹಾಕಲು ಹೋದೆ. ಎಲ್ಲರೂ ಅಲ್ಲೇ ಹಾಕುತ್ತಿದ್ದರು. 2008ರಲ್ಲಿ ಚಿಕಾಗೋದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ಮುಗಿದಾಗಲೂ ನಾನು ಹಾಗೇ ಮಾಡಿದ್ದೆ, ಕನ್ನಡದಲ್ಲಿ ಹೆಸರು ಬರೆದುಕೊಂಡಿದ್ದ ಬ್ಯಾಡ್ಜು. ಈ ಕಾರ್ಡನ್ನು ಜೇಬಿಗೆ ಹಾಕಿಕೊಂಡೆ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು.