ಬೆಕ್ಕು, ನಾಯಿ, ಚಳಿಗಾಲ ಮತ್ತು ನಮ್ಮ ದೂರದ ಪಯಣ
ದೇಶದ ಈ ತುದಿಯಿಂದ ಆ ತುದಿಗೆ ಮನೆ ಬದಲಿಸಬೇಕು, ಅದೂ ಚಳಿಗಾಲದಲ್ಲೇ. ಸಾಮಾನೆಲ್ಲ ಲಾರಿಯಲ್ಲಿ ಹೋಗುತ್ತೆ. ನಾವಿಬ್ಬರು, ನಾಯಿ ಕರಿಯ, ಬೆಕ್ಕು ಚುಕ್ಕಿ ಕಾರಿನಲ್ಲಿ.

ದಿನಕ್ಕೆ 800 ಕಿಲೋಮೀಟರ್ ಓಡಿಸಿಬಿಡೋಣ ಅನ್ನೋದು ಇವರ ಲೆಕ್ಕ. ನಾನು ಅದನ್ನ ಅರ್ಧಕ್ಕೆ ಇಳಿಸಿದ್ದೀನಿ. ಹಗಲು ಚಿಕ್ಕದು, ಕತ್ತಲಾದ ಮೇಲೆ ರಸ್ತೆ ಮೇಲಿನ ತೆಳು ಮಂಜುಗಡ್ಡೆ ಕಣ್ಣಿಗೆ ಬೀಳೋದಿಲ್ಲ. ಬೆಳಕಿರುವಾಗಲೇ ರೂಮು ಸೇರಿದರೆ ಚುಕ್ಕಿಗೂ ಮೂಲೆ ಮೂಲೆ ಮೂಸಿ ನೋಡಿ, ನಿಧಾನಕ್ಕೆ ತಿನ್ನೋಕೆ ಪುರುಸೊತ್ತು. ಬೆಕ್ಕು ಕೆಲವು ದಿನ ಹೊಟ್ಟೆಗೇನೂ ತಗೊಳ್ಳದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ಚುಕ್ಕಿಯಂಥ ದಪ್ಪ ಬೆಕ್ಕುಗಳಿಗಂತೂ ಈ ಅಪಾಯ ಜಾಸ್ತಿ. ಅದಕ್ಕೇ ದಿನಕ್ಕೆಷ್ಟು ದೂರ ಅನ್ನೋದನ್ನ ಅವಳ ಊಟ ನೋಡಿಯೇ ತೀರ್ಮಾನಿಸೋದು ಅಂತ ಹಟ ಹಿಡಿದಿದ್ದೀನಿ.

ಅವಳನ್ನ ಕೂರಿಸಿ ಒಯ್ಯೋ ಕ್ಯಾರಿಯರ್ ಚೀಲ ಈಗಾಗಲೇ ಹಾಲ್‌ನಲ್ಲಿ ಬಾಯಿ ತೆರೆದುಕೊಂಡು ಕೂತಿದೆ, ಒಳಗೆ ನನ್ನ ಹಳೇ ಸ್ವೆಟರ್. ಮೊದಮೊದಲು ಕತ್ತು ಉದ್ದ ಮಾಡಿ ನೋಡಿ ಓಡಿಹೋಗ್ತಿದ್ದಳು. ಊಟದ ಬಟ್ಟಲನ್ನ ದಿನಾ ಒಂಚೂರು ಒಳಗೆ ಸರಿಸುತ್ತಾ ಬಂದೆ. ಮುಂಗಾಲು ಒಳಗೆ, ಹಿಂಗಾಲು ಹೊರಗೆ ಇಟ್ಟುಕೊಂಡೇ ತಿಂತಿದ್ದಳು. ನಿನ್ನೆ ಮಧ್ಯಾಹ್ನ ತಾನಾಗೇ ಹೋಗಿ ಮಲಗಿದ್ದಾಳೆ, ಬಾಲ ಮಾತ್ರ ಹೊರಗೆ! ಯಾರಾದರೂ ತುಳಿದಾರು ಅಂತ ಆ ಕಡೆ ಯಾರನ್ನೂ ಬಿಡಲಿಲ್ಲ.

ದಾರಿಯಲ್ಲಿ ಒಂದೇ ಕಟ್ಟಪ್ಪಣೆ: "ಚುಕ್ಕಿ ಒಳಗಿದ್ದಾಳೆ, ಜಿಪ್ ಹಾಕಿದೆ" ಅಂತ ಒಬ್ಬರು ಬಾಯಿಬಿಟ್ಟು ಹೇಳೋವರೆಗೂ ಕಾರಿನ ಯಾವ ಬಾಗಿಲೂ ತೆಗೆಯೋ ಹಾಗಿಲ್ಲ. ಬಂಕಿನಲ್ಲಿ ಕೈ ತಪ್ಪಿದ ಬೆಕ್ಕನ್ನ ಆ ಚಳಿಯಲ್ಲಿ ಎಲ್ಲಿ ಅಂತ ಹುಡುಕೋದು? ಚರ್ಮದಡಿ ಕೂರಿಸೋ ಗುರುತಿನ ಮೈಕ್ರೋಚಿಪ್ ಚುಕ್ಕಿ, ಕರಿಯ ಇಬ್ಬರಿಗೂ ಇದೆ, ಆದರೆ ಅದರಲ್ಲಿರೋದು ಬರೀ ಒಂದು ಸಂಖ್ಯೆ. ನೋಂದಣಿಯಲ್ಲಿರೋ ಫೋನ್ ನಂಬರ್ ಚಾಲ್ತಿಯಲ್ಲಿದ್ದರೆ ಮಾತ್ರ ಅದರಿಂದ ಉಪಯೋಗ.

ಕರಿಯನಿಗೆ ಕಾರು ಅಂದರೆ ಪ್ರಾಣ, ಆದರೆ ವಾಂತಿ. ಹೊರಡೋಕೆ ಮೂರ್ನಾಲ್ಕು ಗಂಟೆ ಮುಂಚೆ ಸ್ವಲ್ಪವೇ ಊಟ, ಜೊತೆಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ. ಮಂಪರು ಬರಿಸೋ ಔಷಧಿಯನ್ನ ಮಾತ್ರ ನಾವಾಗೇ ಕೊಡಬಾರದು. ಕೆಲವು ಔಷಧಿಗಳು ರಕ್ತದೊತ್ತಡವನ್ನೂ ಮೈಬಿಸಿಯನ್ನೂ ಇಳಿಸಿಬಿಡುತ್ತವೆ. ಹಿಮ ಕರಗಿಸೋಕೆ ರಸ್ತೆಗೆ ಸುರಿಯೋ ಉಪ್ಪು ಅವನ ಅಂಗಾಲು ಉರಿಸುತ್ತೆ, ನೆಕ್ಕಿದರೆ ಹೊಟ್ಟೆಯೂ ಕೆಡುತ್ತೆ. ಪ್ರತಿ ಸಲ ಹತ್ತಿಸುವಾಗ ಬೆರಳ ಸಂದಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇನ್ನು ರೇಡಿಯೇಟರ್ ಕೂಲೆಂಟ್. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ಕಿಡ್ನಿಯನ್ನೇ ಕೊಲ್ಲೋ ವಿಷ. ಪಾರ್ಕಿಂಗ್ ಜಾಗದ ಹಸಿರು ಕೊಚ್ಚೆ ಕಂಡರೆ ಹಗ್ಗ ಗಿಡ್ಡ ಮಾಡಿಕೊಳ್ಳಿ.

ಟೈರು, ಬ್ಯಾಟರಿ ಇವರ ಜವಾಬ್ದಾರಿ. ಸಲಿಕೆ ಮಾತ್ರ ಡಿಕ್ಕಿಯಲ್ಲಿ ಎಲ್ಲಕ್ಕಿಂತ ಮೇಲಿರಲಿ ಅಂದಿದ್ದೀನಿ. ಹಿಮದಲ್ಲಿ ಸೈಲೆನ್ಸರ್ ಬಾಯಿ ಮುಚ್ಚಿಹೋಗಿ ಇಂಜಿನ್ ಓಡ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತೆ, ವಾಸನೆಯೂ ಬರೋದಿಲ್ಲ.

ಹೋಟೆಲ್‌ಗಳಿಗೆ ಫೋನ್ ಮಾಡೋದು ಇನ್ನೂ ಬಾಕಿ. ನಾಯಿಗೆ ಹ್ಞೂಂ ಅನ್ನೋ ಎಷ್ಟೋ ಕಡೆ ಬೆಕ್ಕಿಗೆ ಬೇಡ ಅಂತಾರೆ. ಹಾಗೇ ಪ್ರತಿ ತಂಗುದಾಣದ ಹತ್ತಿರ ರಾತ್ರಿ ತೆರೆದಿರೋ ಪಶು ಆಸ್ಪತ್ರೆ ಯಾವುದು ಅಂತಲೂ ಗೊತ್ತುಮಾಡಿಕೊಂಡು ಕಾಗದದ ಮೇಲೆ ಬರೆದಿಡಬೇಕು. ಚಳಿಗೆ ಫೋನ್ ಬ್ಯಾಟರಿ ಬೇಗ ಸಾಯುತ್ತೆ.