ಚಕ್ಕುಲಿಯ ಲೆಕ್ಕದಲ್ಲಿ ಆಲ್ಬಂ ಯಂತ್ರ

ಬೆಂಗಳೂರಿನ ಹನುಮಂತನಗರದ ನನ್ನ ಫೋಟೊ ಸ್ಟುಡಿಯೊದ ಬೋರ್ಡು ಇಳಿದದ್ದು 2024ರ ಮಾರ್ಚ್ ಮೊದಲ ವಾರದಲ್ಲಿ. ಅದೇ ಮಳಿಗೆಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನಿಸಿದವಳು ನನ್ನ ಹೆಂಡತಿ. ಅವಳ ಕೋಡುಬಳೆಗೆ ನಮ್ಮ ಬೀದಿಯಲ್ಲಿದ್ದ ಗಿರಾಕಿ ನನ್ನ ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಇರಲಿಲ್ಲವಾದ್ದರಿಂದ ನಾನು ವಾದಿಸಲೂ ಇಲ್ಲ.

ಆಲ್ಬಂ ತಯಾರಿಸುವ ಯಂತ್ರವನ್ನು ತುಮಕೂರಿನವರೊಬ್ಬರು 60,000 ರೂಪಾಯಿಗೆ ಕೇಳಿದ್ದರು. ಮಧ್ಯಾಹ್ನ ಟೆಂಪೊ ತರುವುದಾಗಿ ಹೇಳಿದ್ದರು. ಬೆಳಿಗ್ಗೆ ಗಾಂಧಿ ಬಜಾರಿನಲ್ಲಿರುವ ಆಡಿಟರ್ ಮೇಡಂ ಕಚೇರಿಯ ಮೆಟ್ಟಿಲು ಹತ್ತಿದೆ. ಕೈಯಲ್ಲೊಂದು ಹಾಳೆ. ‘2021ರ ಜೂನ್‌ನಲ್ಲಿ ಕೊಂಡದ್ದು 2,00,000, ಮಾರಿದ್ದು 60,000, ನಷ್ಟ 1,40,000’ ಎಂದು ಬರೆದುಕೊಂಡು ಹೋಗಿದ್ದೆ. ಅಷ್ಟು ನಷ್ಟ ತೋರಿಸಿದರೆ ಆ ವರ್ಷ ತೆರಿಗೆಯೇ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಮೇಡಂ ಹಾಳೆಯನ್ನು ಓದಿ, ಮಡಚಿ, ಕಾಫಿ ಲೋಟದ ಕೆಳಗಿಟ್ಟರು.

“ಎರಡು ವರ್ಷ ಶೇ 15ರಂತೆ ಸವಕಳಿ, ಅಂದರೆ ಯಂತ್ರ ಸವೆದ ಬಾಬ್ತು, ಲಾಭದಿಂದ ಕಳೆದುಕೊಂಡಿದ್ದೀರಿ. ಲೆಕ್ಕಪುಸ್ತಕದಲ್ಲಿ ಅದರ ಬೆಲೆ ಈಗ 1,44,500. ಹಾಗಿರುವಾಗ 1,40,000 ಎಲ್ಲಿಂದ ಬಂತು?”

“ಸರಿ, 84,500 ಎಂದುಕೊಳ್ಳೋಣ.”

“ಅದೂ ಸಿಗುವುದಿಲ್ಲ.”

ಆದಾಯ ತೆರಿಗೆ ಕಾಯ್ದೆಗೆ ನನ್ನ ಆಲ್ಬಂ ಯಂತ್ರ ಯಾವುದೆಂದು ಗೊತ್ತೇ ಇಲ್ಲವಂತೆ. ಅದಕ್ಕೆ ಗೊತ್ತಿರುವುದು ರಾಶಿ ಮಾತ್ರ. ಆಡಿಟರುಗಳು ಅದನ್ನು ‘ಬ್ಲಾಕ್’ ಎನ್ನುತ್ತಾರೆ. ಶೇ 15ರ ಯಂತ್ರಗಳದ್ದು ಒಂದು ರಾಶಿ, ಶೇ 40ರ ಕಂಪ್ಯೂಟರುಗಳದ್ದು ಇನ್ನೊಂದು, ಶೇ 10ರ ಮೇಜು ಕುರ್ಚಿಗಳದ್ದು ಮತ್ತೊಂದು. ಎರಡು ಹೊಲದ ರಾಗಿಯನ್ನು ಒಂದೇ ಕಣದಲ್ಲಿ ರಾಶಿ ಹಾಕಿದ ಮೇಲೆ ಯಾವ ಕಾಳು ಯಾವ ಹೊಲದ್ದು ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ನನ್ನ ಯಂತ್ರಗಳ ರಾಶಿ ಆ ಹಣಕಾಸು ವರ್ಷ ಶುರುವಾದ 2023ರ ಏಪ್ರಿಲ್ 1ರಂದು 1,80,000 ಇತ್ತು. ಬಂದ 60,000ವನ್ನು ಅದರಿಂದ ಕಳೆದರೆ 1,20,000. ಚಕ್ಕುಲಿ ಒತ್ತುವ ಹೊಸ ಯಂತ್ರಕ್ಕೆ ಕೊಟ್ಟ 90,000 ಅದೇ ರಾಶಿಗೆ ಬಂದು ಬೀಳುತ್ತದೆ. ಸ್ಟುಡಿಯೊ ಬೇರೆ, ಕಾಂಡಿಮೆಂಟ್ಸ್ ಬೇರೆ ಎಂಬುದು ನನ್ನ ತಲೆಯೊಳಗಿನ ಗೋಡೆ. ಪ್ಯಾನ್ ಒಂದೇ, ಆಸಾಮಿ ಒಬ್ಬನೇ.

ಹಾಗಾದರೆ ಆ 84,500 ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ರಾಶಿಯೊಳಗೇ ಕುಳಿತಿದೆ. ಯಂತ್ರ ತುಮಕೂರಿನಲ್ಲಿ ಯಾರದೋ ಮದುವೆಯ ಆಲ್ಬಂ ಕಟ್ಟುತ್ತಿರುತ್ತದೆ. ನಾನು ಇಲ್ಲಿ ಚಕ್ಕುಲಿ ಲಾಭದಿಂದ ವರ್ಷ ವರ್ಷವೂ ಅದರ ಸವಕಳಿಯನ್ನು ಕಳೆಯುತ್ತಿರುತ್ತೇನೆ. ಇದನ್ನು ಕೇಳಿ ನನಗೆ ಏಕೋ ಸಮಾಧಾನವಾಯಿತು. ಮೇಡಂಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಹೊಸ ಯಂತ್ರ ಕೊಳ್ಳದೆ, ಇದ್ದ ಅಷ್ಟೂ ಯಂತ್ರಗಳನ್ನು ಮಾರಿ ಕೈತೊಳೆದುಕೊಂಡಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ವರ್ಷದ ಕೊನೆಗೆ ರಾಶಿಯಲ್ಲಿ ಒಂದು ವಸ್ತುವೂ ಇಲ್ಲದಿದ್ದರೆ ಮಿಕ್ಕ ಮೊತ್ತ ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ. ಅದನ್ನು ಆಸ್ತಿ ಮಾರಿ ಬರುವ ಬಂಡವಾಳ ಲಾಭದ ಎದುರು ಮಾತ್ರ ಕಳೆಯಬಹುದು, ವ್ಯಾಪಾರದ ಲಾಭದ ಎದುರು ಅಲ್ಲ. ಷೇರೂ ಇಲ್ಲದ, ಸೈಟೂ ಇಲ್ಲದ ನನಗೆ ಅದರಿಂದ ಬಿಡಿಗಾಸಿನ ಉಪಯೋಗವೂ ಇರಲಿಲ್ಲ. ಇದೇ ರಾಶಿಗೆ ಸೇರಿದ, ಗೋಡೆಯ ಮೇಲಿದ್ದ ಹಳೆಯ ಏಸಿಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡದ್ದು ಬರೀ ಸೋಮಾರಿತನದಿಂದ.

ಇನ್ನು ಜಿಎಸ್‌ಟಿ. ಹಳೆಯ ನೋಂದಣಿ ರದ್ದು ಮಾಡಿಸಿ ಹೊಸದಾಗಿ ಶುರು ಮಾಡೋಣ ಎಂದು ಹುರುಪಿನಿಂದ ಹೇಳಿದೆ. ಮೇಡಂ ಮೊದಲ ಸಲ ದನಿ ಏರಿಸಿದರು. ರದ್ದು ಮಾಡಿದರೆ ಅಂಗಡಿಯಲ್ಲಿ ಉಳಿದ ಸರಕು, ಯಂತ್ರ ಎಲ್ಲದರ ಮೇಲೆ ಪಡೆದಿದ್ದ ತೆರಿಗೆ ಜಮೆಯ, ಅಂದರೆ ಕೊಳ್ಳುವಾಗ ಕಟ್ಟಿ ಆಮೇಲೆ ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡ ಮೊತ್ತದ, ಲೆಕ್ಕ ಕೊಡಬೇಕು, ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಹಾಕಬೇಕು. ಅದರ ಬದಲು ಇರುವ ನೋಂದಣಿಯಲ್ಲೇ ಅಂಗಡಿಯ ಹೆಸರು, ಮಾರುವ ಸರಕು ತಿದ್ದಿಸಿದರೆ ಆಯಿತು. ಬದಲಾವಣೆಯನ್ನು 15 ದಿನಗಳೊಳಗೆ ತಿಳಿಸಿದರೆ ಸಾಕು.

ಆದರೆ ಮಾರಿದ ಯಂತ್ರ ಅಷ್ಟು ಸುಲಭವಾಗಿ ಬಿಡಲಿಲ್ಲ. ಕೊಂಡಾಗ ಶೇ 18ರಂತೆ ಕಟ್ಟಿದ 36,000 ತೆರಿಗೆಯನ್ನು ನಾನು ಜಮೆ ಪಡೆದಿದ್ದೆ. ಒಂದೊಂದು ತ್ರೈಮಾಸಿಕಕ್ಕೆ, ಅಥವಾ ಅದರ ಭಾಗಕ್ಕೆ, ಶೇ 5ರಂತೆ ಅದು ಕರಗುತ್ತದೆ. ಹನ್ನೊಂದು ತ್ರೈಮಾಸಿಕಕ್ಕೆ ಶೇ 55 ಕರಗಿ 16,200 ಉಳಿದಿತ್ತು. ಮಾರಿದ ಬೆಲೆಯ ಮೇಲಿನ ತೆರಿಗೆ 10,800. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ತುಮಕೂರಿನವರಿಂದ ಬಿಲ್ಲಿನಲ್ಲಿ ವಸೂಲಿಯಾಗುವುದು 10,800, ಉಳಿದ 5,400 ನನ್ನ ಜೇಬಿನಿಂದ. ಅವರು ಮೊದಲು ಬಿಲ್ ಬೇಡವೆಂದಿದ್ದರು. ಆ ತೆರಿಗೆಯನ್ನು ತಾವೂ ಜಮೆ ಪಡೆಯಬಹುದು ಎಂದು ತಿಳಿದ ಮೇಲೆ ಬಿಲ್ ಇಲ್ಲದೆ ಟೆಂಪೊ ಹೊರಡದು ಎಂದರು.

ಕ್ಯಾಮೆರಾವನ್ನು ಅಕ್ಕನ ಮಗನಿಗೆ ಕೊಟ್ಟುಬಿಡುವ ಆಸೆಯಿತ್ತು. ಜಮೆ ಪಡೆದ ವ್ಯಾಪಾರದ ವಸ್ತುವನ್ನು ಬಿಟ್ಟಿಯಾಗಿ ಕೊಟ್ಟರೂ ಜಿಎಸ್‌ಟಿ ಕಣ್ಣಿಗೆ ಅದು ಮಾರಿದಂತೆಯೇ ‘ಪೂರೈಕೆ’, ತೆರಿಗೆ ತಪ್ಪದು ಎಂದರು ಮೇಡಂ. ಸೋದರಮಾವನ ಪ್ರೀತಿಗೂ ಶೇ 18. ಸದ್ಯಕ್ಕೆ ಕ್ಯಾಮೆರಾ ಅಂಗಡಿಯಲ್ಲೇ ಇದ್ದು ನಿಪ್ಪಟ್ಟಿನ ಪೊಟ್ಟಣಗಳ ಚಿತ್ರ ತೆಗೆಯುತ್ತಿದೆ. ಅಳಿಯ ಇನ್ನೂ ಮುನಿಸಿಕೊಂಡಿದ್ದಾನೆ.

ಒಂದು ಸಿಹಿಯೂ ಸಿಕ್ಕಿತು. ಮದುವೆಗಳೆಲ್ಲ ಮನೆಯಂಗಳಕ್ಕೆ ಇಳಿದ 2020ರಲ್ಲಿ ಆದ ನಷ್ಟವನ್ನು ಗಡುವಿನೊಳಗೆ ರಿಟರ್ನ್‌ನಲ್ಲಿ ತೋರಿಸಿದ್ದೆ. ಆ ವ್ಯಾಪಾರ ನಿಂತರೂ ನಷ್ಟವನ್ನು ಎಂಟು ವರ್ಷದವರೆಗೆ ಹೊಸ ವ್ಯಾಪಾರದ ಲಾಭದಿಂದ ಕಳೆಯಬಹುದಂತೆ.

ಏಳುವಾಗ ಮೇಡಂ ಕೇಳಿದರು: “ಚಕ್ಕುಲಿ ಯಂತ್ರ ಓಡುತ್ತಿದೆಯೇ?”

ಯುಗಾದಿಗೆ ಪೂಜೆ ಮಾಡಿ ಶುರು ಮಾಡೋಣವೆಂದಿದ್ದೇವೆ ಎಂದೆ. ಆ ಸಲ ಯುಗಾದಿ ಏಪ್ರಿಲ್ 9ಕ್ಕೆ. “ಮಾರ್ಚ್ 31ರೊಳಗೆ ಬಳಕೆಗೆ ಬರದಿದ್ದರೆ ಈ ವರ್ಷ ಅದಕ್ಕೆ ಸವಕಳಿ ಇಲ್ಲ. ಬಂದರೂ 180 ದಿನಕ್ಕಿಂತ ಕಡಿಮೆಯಾದ್ದರಿಂದ ಅರ್ಧವೇ, 6,750.” ಅರ್ಧವಾದರೂ ಬಿಡುವುದೇಕೆ? ಊರಿಡೀ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ದಿನಗಳು. ಬಿಂದಿಗೆ ನೀರನ್ನು ಅಳೆದು ಹಿಟ್ಟು ಕಲಸಿ ಮಾರ್ಚ್ 28ಕ್ಕೆ ಯಂತ್ರ ಹಚ್ಚಿದೆವು. ಮೊದಲ ಒಬ್ಬೆ ಸುರುಳಿ ನಿಲ್ಲದೆ ಚೂರುಚೂರಾಯಿತು. ಚೂರನ್ನೇ ಪೊಟ್ಟಣ ಕಟ್ಟಿ ಪಕ್ಕದ ಟೈಲರಿಗೆ ಮಾರಿದೆ, ಇನ್ನೊಂದನ್ನು ಗಾಂಧಿ ಬಜಾರಿಗೆ ಒಯ್ದೆ.

ಮೇಡಂ ಒಂದು ಚೂರು ಬಾಯಿಗೆ ಹಾಕಿಕೊಂಡು, “ಟೈಲರಿಗೆ ಬಿಲ್ ಹಾಕಿದಿರಿ ತಾನೇ? ದಿನಾಂಕ ತೋರಿಸಿ” ಎಂದರು.