ಇಂಗ್ಲಿಷ್ ಪಾಠಕ್ಕೆ ಒಂದು ಒಳ್ಳೆ ಲಿಂಕ್ ಕಳಿಸಿ ಮೇಡಂ

ಸುತ್ತಲಿನ ಶಾಲೆಗಳ ಟೀಚರುಗಳು ಸೇರುವ ಕ್ಲಸ್ಟರ್ ಸಭೆ ಇರಲಿ, ತರಬೇತಿ ಇರಲಿ, ಊಟದ ಹೊತ್ತಿಗೆ ಯಾರಾದರೂ ಈ ಮಾತು ಕೇಳಿಯೇ ಕೇಳುತ್ತಾರೆ. "ಮೇಡಂ, ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ನೆಟ್‌ನಲ್ಲಿ ಏನೇನು ಸಿಗುತ್ತೆ? ಒಂದು ಒಳ್ಳೆ ಲಿಂಕ್ ಕಳಿಸಿ." ನಾನು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕೇಳುವವರೂ ಹೆಚ್ಚಾಗಿ ಅಂಥ ಶಾಲೆಯವರೇ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೆ ಹಳ್ಳಿಯ ಮಗುವಿನ ಕಿವಿಗೆ ಆ ಭಾಷೆ ಬೀಳುವುದು ದಿನಕ್ಕೆ ಒಂದು ಪೀರಿಯಡ್ ಅಷ್ಟೇ. ಮನೆಯಲ್ಲಿ ಇಲ್ಲ, ಹೊಲದಲ್ಲಿ ಇಲ್ಲ, ಸಂತೆಯಲ್ಲೂ ಇಲ್ಲ.

ಲಿಂಕ್ ಕಳಿಸುವ ಮೊದಲು ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮಕ್ಕಳು ಎಲ್ಲಿ ತಪ್ಪುತ್ತಾರೆ? ಒಂದೇ ಒಂದು ವಾಕ್ಯ ಹೇಳಿ.

ಯಾಕೆ ಅಂದರೆ, ಮೊದಲು ನಾನೂ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುತ್ತಿದ್ದೆ. ಒಂದು ಸಲ ಇನ್, ಆನ್, ಅಂಡರ್ ಕಲಿಸಲು ಬಣ್ಣದ ವರ್ಕ್‌ಶೀಟ್ ಸಿಕ್ಕಿತು. ಜೆರಾಕ್ಸ್ ಮಾಡಿಸಿ ಹಂಚಿದೆ. ಚಿತ್ರದ ತುಂಬ ಹಿಮದ ಗೊಂಬೆ, ಬೆಂಕಿಗೂಡು, ಹಿಮದ ಮೇಲೆ ಜಾರುವ ಬಂಡಿ. ಮಕ್ಕಳು "ಮಿಸ್, ಇದೇನು? ಅದೇನು?" ಅಂತ ಕೇಳುವುದರಲ್ಲೇ ಪೀರಿಯಡ್ ಮುಗಿಯಿತು. ಮರುದಿನ ಬೋರ್ಡಿನ ಮೇಲೆ ಹುಲ್ಲಿನ ಬಣವೆ, ಎತ್ತಿನಗಾಡಿ, ಒಂದು ಬೆಕ್ಕು ಬರೆದೆ. ಬೆಕ್ಕು ಗಾಡಿಯ ಕೆಳಗೆ, ಬೆಕ್ಕು ಬಣವೆ ಮೇಲೆ. ಹತ್ತು ನಿಮಿಷದಲ್ಲಿ ಎಲ್ಲರೂ ಹೇಳತೊಡಗಿದರು.

ನಮ್ಮ ಮಕ್ಕಳ ತಪ್ಪಿಗೆ ಕಾರಣ ಬಹಳ ಸಲ ಕನ್ನಡದಲ್ಲೇ ಇರುತ್ತದೆ. ಪೆಟ್ಟಿಗೆಯಲ್ಲಿ, ಬಸ್ಸಿನಲ್ಲಿ, ಬಸ್ ಸ್ಟಾಪಿನಲ್ಲಿ. ಮೂರಕ್ಕೂ ನಮಗೆ ಒಂದೇ 'ಅಲ್ಲಿ' ಸಾಕು. ಇಂಗ್ಲಿಷಿನಲ್ಲಿ ಇನ್ ದ ಬಾಕ್ಸ್, ಆನ್ ದ ಬಸ್, ಅಟ್ ದ ಬಸ್ ಸ್ಟಾಪ್. ಹಾಗೇ 'ಇದು ಪುಸ್ತಕ' ಅನ್ನುವುದು ನಮ್ಮಲ್ಲಿ ಪೂರ್ತಿ ವಾಕ್ಯ. ಅದಕ್ಕೇ ಮಗು 'ದಿಸ್ ಬುಕ್' ಅಂದು ಸುಮ್ಮನಾಗುತ್ತದೆ. ನಡುವೆ 'ಈಸ್ ಎ' ಯಾಕೆ ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ಪಾಠ ಬರೆದವರು ಕನ್ನಡದ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಆ ಕೆಲಸ ನಮ್ಮದು.

ಇನ್ನು ಹುಡುಕುವ ವಿಷಯ. 'ಗ್ರೇಡ್ 5 ಇಂಗ್ಲಿಷ್' ಅಂತ ಹೊಡೆದರೆ ಅಮೆರಿಕದ ಐದನೇ ತರಗತಿಯ ಪಾಠಗಳೇ ಜಾಸ್ತಿ ಬರುತ್ತವೆ. ಅಲ್ಲಿನ ಬಹುಪಾಲು ಮಕ್ಕಳು ಹುಟ್ಟಿದಾಗಿನಿಂದ ಇಂಗ್ಲಿಷ್ ಕೇಳಿದವರು. ಅದರ ಬದಲು 'ಎ1' ಅಂತ ಸೇರಿಸಿ ನೋಡಿ. ಯುರೋಪಿನವರು ಭಾಷೆ ಕಲಿಯುವವರಿಗೆಂದು 2001ರಲ್ಲಿ ಪ್ರಕಟಿಸಿದ ಅಳತೆಗೋಲು ಅದು. ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ನಮ್ಮ ಐದು, ಆರು, ಏಳನೇ ತರಗತಿಗೆ ಎ1 ಸಾಕಾಗುತ್ತದೆ. ಜೊತೆಗೆ 'ಇಎಸ್‌ಎಲ್' ಅಥವಾ 'ಇಎಫ್‌ಎಲ್' ಅಂತ ಸೇರಿಸಿದರೆ ಬೇರೆ ಮನೆಮಾತಿನವರಿಗೆ ಇಂಗ್ಲಿಷ್ ಕಲಿಸುವ ಸಾಮಗ್ರಿಯೇ ಸಿಗುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಬಳಸುವುದು ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಕಥೆಗಳನ್ನು ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಣ್ಣ ವಾಕ್ಯ. ಎಷ್ಟೋ ಕಥೆ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ, ಚಿತ್ರ ಒಂದೇ. ನಾನು ಮೊದಲ ದಿನ ಕನ್ನಡದಲ್ಲಿ ಓದಿ ಹೇಳುತ್ತೇನೆ. ಮಕ್ಕಳು ನಗಬೇಕಾದಲ್ಲಿ ನಗಲಿ. ಮರುದಿನ ಅದೇ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ. ಕಥೆ ಆಗಲೇ ಗೊತ್ತಿರುವುದರಿಂದ ಹೆದರಿಕೆ ಇರುವುದಿಲ್ಲ, ಪದದ ಅರ್ಥ ತಾವೇ ಊಹಿಸುತ್ತಾರೆ. ಕೆಲವು ಕಥೆಗಳಿಗೆ ಧ್ವನಿಯೂ ಇದೆ. ಇನ್ನೊಂದು ಅನುಕೂಲ ಅಂದರೆ, ಇವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಪ್ರಿಂಟ್ ಮಾಡಬಹುದು, ವಾಕ್ಯ ಬದಲಿಸಿಕೊಳ್ಳಬಹುದು. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಾ? ರಾತ್ರಿ ಮನೆಯಲ್ಲೇ ಇಳಿಸಿಕೊಂಡು ಬನ್ನಿ.

ಹಾಡು, ಆಟ, ಸಣ್ಣ ವರ್ಕ್‌ಶೀಟಿಗೆ ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಕಿಡ್ಸ್ ಒಳ್ಳೆಯದು. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಮಕ್ಕಳಿಗೆ ಭಾರ. ಅದು ನಮಗೆ, ಟೀಚರುಗಳಿಗೆ. ಬಸ್ಸಿನಲ್ಲಿ ಹೋಗುವಾಗ ಕೇಳಿ. ನಾವು ಕೇಳದೆ ಮಕ್ಕಳಿಗೆ ಕೇಳಿಸುವುದು ಹೇಗೆ? ಪಠ್ಯಪುಸ್ತಕದ ಕ್ಯೂಆರ್ ಕೋಡ್ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ತಾಣ ದೀಕ್ಷಾ ತೆರೆಯುತ್ತದೆ, ಅದನ್ನೂ ಒಮ್ಮೆ ನೋಡಿ. ಕನ್ನಡ ಪದಕ್ಕೆ ಸರಿಯಾದ ಇಂಗ್ಲಿಷ್ ಬೇಕಾದರೆ 'ಅಲರ್' ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದಗಳ ನಿಘಂಟು. 2019ರಿಂದ ಎಲ್ಲರಿಗೂ ಉಚಿತ. ಅದನ್ನು ತೆರೆದಾಗಲೆಲ್ಲ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಇಷ್ಟಿದ್ದರೂ ಒಂದು ಮಾತು ಹೇಳಲೇಬೇಕು. ವಿಡಿಯೋ ಹಾಕಿ ಮಕ್ಕಳನ್ನು ಸುಮ್ನೆ ಕೂರಿಸಿದರೆ ಪಾಠ ಆಗಲಿಲ್ಲ. ಎರಡು ನಿಮಿಷ ತೋರಿಸಿ, ನಿಲ್ಲಿಸಿ, ಹತ್ತು ನಿಮಿಷ ಮಾತಾಡಿಸಿ. ಮಗುವಿನ ಬಾಯಿಂದ ಒಂದು ವಾಕ್ಯವನ್ನೂ ಹೊರಡಿಸದ ಸಾಮಗ್ರಿ ಎಷ್ಟೇ ಚೆಂದ ಇದ್ದರೂ ನಾನು ಬಿಟ್ಟುಬಿಡುತ್ತೇನೆ.

ಕಳೆದ ವರ್ಷ ಪಕ್ಕದ ಹಳ್ಳಿಯ ಟೀಚರ್ ಒಬ್ಬರು ನನ್ನ ಪ್ರಶ್ನೆಗೆ ಉತ್ತರ ಕಳಿಸಿದರು. "ನಮ್ಮ ಮಕ್ಕಳು 'ಹಿ ಗೋ, ಶಿ ಗೋ' ಅಂತಾರೆ. 'ಗೋಸ್' ಬರೋದೇ ಇಲ್ಲ." ಇಬ್ಬರೂ ಕೂತು 'ಡೈಲಿ ರೂಟೀನ್ ಎ1' ಅಂತ ಹುಡುಕಿದೆವು. ಒಂದು ಚಿತ್ರಪಟ ಸಿಕ್ಕಿತು. ಅದಕ್ಕೆ ಮೊದಲು ಅವರು ಬೋರ್ಡಿನ ಮೇಲೆ ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಅಂತ ಬರೆದರಂತೆ. ನಮ್ಮಲ್ಲಿ ಇಷ್ಟೆಲ್ಲ ಬದಲಾಗುತ್ತದೆ, ಅವರಲ್ಲಿ ಬರೀ ಒಂದು ಕಡೆ 'ಸ್' ಸೇರುತ್ತದೆ ಅಂತ ತೋರಿಸಿದರಂತೆ. ಆಮೇಲೆ ಆ ಪಟವನ್ನು ಪಕ್ಕಕ್ಕಿಟ್ಟು, ಮನೆಯವರು ಬೆಳಗ್ಗೆ ಏನೇನು ಮಾಡುತ್ತಾರೆ ನೋಡಿಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಿದರು. ಮರುದಿನ ಆರನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಹೇಳಿದ ವಾಕ್ಯವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿದ್ದಾರೆ: "ಮೈ ಅಜ್ಜಿ ಮಿಲ್ಕ್ಸ್ ದ ಕೌ."